ಶಿವಮೂರ್ತಪ್ಪನವರ ಸಮ್ ದನಗಳು

ನಮ್ಮ ಬೋರನಕಟ್ಟೆಯ ಹಿಟ್ಟಿನ ಗಿರಣಿ ಶಿವಮೂರ್ತಪ್ಪನವರಿಗೆ ಇಂಗ್ಲಿಷ್ ಬರುತ್ತದೆ ಎಂಬುದು ಇಡೀ ಹಿರೇನಲ್ಲೂರು ಹೋಬಳಿಗೆ ಗೊತ್ತು. ಎಷ್ಟು ಬರುತ್ತದೆ ಎಂಬುದು ಗಿರಣಿಯ ಎದುರಿಗೆ ಟೀ ಹೋಟೆಲು ಇಟ್ಟುಕೊಂಡಿರುವ ನನಗೆ ಮಾತ್ರ ಗೊತ್ತು. ಒಂದು ಪದ ಬರುತ್ತದೆ. ಆ ಪದ ‘ಸಮ್’.

ಒಂದೇ ಪದ ಎಂದು ಯಾರೂ ಹಗುರವಾಗಿ ಕಾಣಬಾರದು. ಆ ಒಂದು ಪದದಿಂದ ಅವರು ತರೀಕೆರೆಯಲ್ಲಿ ಮಾನ ಉಳಿಸಿಕೊಂಡು ಬಂದವರು. ಹೆಂಡತಿ ಈಶ್ವರಮ್ಮನ ತಂಗಿಯ ಮನೆಯ ಗೃಹಪ್ರವೇಶ. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ಷಡ್ಡಕ ರುದ್ರಮೂರ್ತಿ ತನ್ನ ಬ್ಯಾಂಕಿನ ಆಫೀಸರುಗಳನ್ನು ಕರೆತಂದು, "ಇವರು ನಮ್ಮಣ್ಣ, ಕಡೂರು ಕಡೆ ದೊಡ್ಡ ಕೃಷಿಕರು," ಎಂದು ಪರಿಚಯ ಮಾಡಿಸಿದ. ಅವರಲ್ಲೊಬ್ಬರು ಬಗ್ಗಿ, "ಹೌ ಮೆನಿ ಕೌಸ್ ಯು ಹ್ಯಾವ್?" ಎಂದು ಕೇಳಿಬಿಟ್ಟರು. ಪ್ರಶ್ನೆ ಶಿವಮೂರ್ತಪ್ಪನವರಿಗೆ ಅರ್ಥವಾಯಿತು. ತೊಂದರೆಯಾದದ್ದೇ ಅದರಿಂದ. ಅವರ ಹತ್ತಿರ ಆಗ ಇಂಗ್ಲಿಷೂ ಇರಲಿಲ್ಲ, ಹಸುವೂ ಇರಲಿಲ್ಲ. ಅಷ್ಟರಲ್ಲಿ ಇನ್ನೊಬ್ಬ ಆಫೀಸರು ಬಾಳೆಹಣ್ಣಿನ ತಟ್ಟೆಯನ್ನು ಮುಂದೆ ಹಿಡಿದು, "ಟೇಕ್ ಸಮ್," ಎಂದರು. ಶಿವಮೂರ್ತಪ್ಪ ಹಣ್ಣು ಬಿಟ್ಟು ಪದ ತೆಗೆದುಕೊಂಡರು.

"ಸಮ್," ಎಂದರು, ಬಹಳ ಗಂಭೀರವಾಗಿ.

"ವೆರಿ ಗುಡ್!" ಎಂದರು ಕೇಳಿದವರು. ಅಲ್ಲಿಗೆ ಪ್ರಕರಣ ಮುಗಿಯಿತು.

ಇಲ್ಲಿ ಕೊಟ್ಟಿಗೆಯ ವಿಷಯ ಹೇಳಲೇಬೇಕು. ಶಿವಮೂರ್ತಪ್ಪನವರದು ಕಲ್ಲುಗೋಡೆಯ, ಹಂಚಿನ, ಎತ್ತರದ ಕೊಟ್ಟಿಗೆ. ಅವರಪ್ಪ ಕಟ್ಟಿಸಿದ್ದು. ಗಿರಣಿಯ ಮೋಟರು ಸುಟ್ಟುಹೋದ ವರ್ಷ ಕೊನೆಯ ಜೋಡಿ ಎತ್ತನ್ನು ಮಾರಿ ಮೋಟರು ಕಟ್ಟಿಸಿದರು. ದೀಪಾವಳಿಗೆ ಮತ್ತೆ ಜೋಡಿ ತರುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟರು. ಯಾವ ದೀಪಾವಳಿ ಎಂದು ಹೇಳಿರಲಿಲ್ಲ. ಬರಿದಾದ ಕೊಟ್ಟಿಗೆ ಎಂಬುದು ನಮ್ಮ ಕಡೆ ಬಾಯಿಬಿಟ್ಟು ಹೇಳಿಕೊಳ್ಳುವ ಸಂಗತಿಯಲ್ಲ. ಹಾಗಾಗಿ ಈಶ್ವರಮ್ಮ ದಿನಾ ಬೆಳಿಗ್ಗೆ ಕೊಟ್ಟಿಗೆಯ ಮುಂದೆ ರಂಗೋಲಿ ಹಾಕುವುದನ್ನು ಬಿಡಲಿಲ್ಲ. ಶಿವಮೂರ್ತಪ್ಪ ಬೆಳಿಗ್ಗೆ ಸಂಜೆ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಗೂಟದಲ್ಲಿ ತೂಗುಹಾಕಿದ್ದ ಎತ್ತಿನ ಗಂಟೆಯನ್ನು ಸ್ವಲ್ಪ ಹೊತ್ತು ಅಲ್ಲಾಡಿಸುವುದನ್ನು ಬಿಡಲಿಲ್ಲ. ಹಾಲು ಮಾತ್ರ ಪಕ್ಕದ ಮನೆ ಕಲ್ಲಮ್ಮನ ಹಿತ್ತಲ ಗೋಡೆ ಹಾರಿ ಬರುತ್ತಿತ್ತು. ಕಲ್ಲಮ್ಮನಿಗೆ ವಿಷಯ ಗೊತ್ತು. ಹಾಲು ಕೊಡುವವಳಿಗೆ ಗೊತ್ತಾಗದೆ ಇರುತ್ತದೆಯೆ? ಕಳ್ಳಬೆಕ್ಕು ಓಡಿಸಲು ಹೋಗಿ ಆ ಹಾಲಿನ ಚೆಂಬನ್ನು ನಾನೊಮ್ಮೆ ನೋಡಿದ್ದೆ. ಊರಲ್ಲಿ ಇದು ಗೊತ್ತಿರುವ ನಾಲ್ಕನೆಯವನು ನಾನೊಬ್ಬನೇ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ತರೀಕೆರೆಯಿಂದ ಬಂದಮೇಲೆ ಶಿವಮೂರ್ತಪ್ಪ ಇಂಗ್ಲಿಷ್ ಕಲಿಯಲು ಹಟಹಿಡಿದರು. ಅದಕ್ಕೂ ಕೊಟ್ಟಿಗೆಯೇ ಪಾಠಶಾಲೆ. ಗೋದಲಿಯ ಮೇಲೆ ಫೋನು ಒರಗಿಸಿ, ವೀಡಿಯೊದಲ್ಲಿ ಮೇಷ್ಟ್ರು ಹೇಳಿಕೊಟ್ಟಂತೆ "ಸಮ್, ಸಮ್ಮು" ಎಂದು ಒಪ್ಪಿಸುತ್ತಿದ್ದರು. ಹೊರಗೆ ಓಡಾಡುವವರಿಗೆ ಎತ್ತಿಗೆ ಏನೋ ಸಮಾಧಾನ ಹೇಳುತ್ತಿದ್ದಾರೆ ಎನಿಸುತ್ತಿತ್ತು.

ಒಂದು ದಿನ ಬಹಳ ಖುಷಿಯಾಗಿ ಹೋಟೆಲಿಗೆ ಬಂದರು.

"ನೋಡಯ್ಯ, ಎಷ್ಟು ಅಂತ ಗೊತ್ತಿಲ್ಲದಿದ್ರೆ ಸಮ್. ಗೊತ್ತಿದ್ದೂ ಹೇಳೋಕೆ ಮನಸಿಲ್ಲದಿದ್ರೂ ಸಮ್. ಸಮ್ ಕೌಸ್ ಅಂತ ಹೆಸರಿನ ಮುಂದೂ ಕೂರುತ್ತೆ, ಹೆಸರನ್ನ ಎಬ್ಬಿಸಿ ಅದರ ಜಾಗದಲ್ಲಿ ತಾನೇ ಕೂರುತ್ತೆ. ಇಂಥ ಪದ ಇಂಗ್ಲಿಷ್ನೋರಿಗೆ ಎಲ್ಲಿಂದ ಬಂತು ಅಂತೀನಿ! ಇದು ನಮ್ಮೂರಿನ ಪದ ಕಣಯ್ಯ. ನಾವು ‘ಏನೋ, ನಾಕು’ ಅನ್ನಲ್ವ? ನಾಕು ಅಕ್ಷರ ಕಲಿ ಅಂತೀವಿ, ನಾಕೇ ಕಲಿತು ಬಿಡ್ತೀವಾ? ನಾಕು ಜನ ಏನಂತಾರೆ ಅಂತೀವಿ, ಐದನೆಯವನು ಸುಮ್ನಿರ್ತಾನಾ?"

"ಮುಂದಿನ ಪಾಠ ಏನಣ್ಣ?" ಎಂದು ಕೇಳಿದೆ.

"‘ನನ್’ ಅಂತೆ. ಏನೂ ಇಲ್ಲ ಅಂತ ಅರ್ಥ. ನೋಡಲಿಲ್ಲ," ಎಂದು ಟೀ ಲೋಟ ಕುಕ್ಕಿ ಎದ್ದರು. ವಿದ್ಯಾಭ್ಯಾಸ ಅಲ್ಲಿಗೆ ನಿಂತಿತು.

ಇದ್ದ ಪದವನ್ನೇ ದುಡಿಸಿಕೊಂಡರು. ಹಿಟ್ಟು ಯಾವಾಗ ಆಗುತ್ತದೆ ಎಂದರೆ "ಸಮ್ ಟೈಮು." ಸಾರಿಗೆ ಉಪ್ಪು ಬೇಕಾ ಎಂದು ಈಶ್ವರಮ್ಮ ಕೇಳಿದರೆ "ಸಮ್." ಆಕೆ ಎರಡು ದಿನ ನೋಡಿ, ಮೂರನೇ ದಿನ ಉಪ್ಪಿನ ಭರಣಿಯನ್ನೇ ಮುಂದೆ ಇಟ್ಟು ಎದ್ದುಹೋದಳು.

ಇಷ್ಟರಲ್ಲಿ ಕಡೂರಿನಿಂದ ದನದ ಡಾಕ್ಟರು ಭವ್ಯ ಸ್ಕೂಟರಿನಲ್ಲಿ ಬಂದರು. ನನ್ನ ಹೋಟೆಲಿನ ಬೆಂಚಿನ ಮೇಲೆ ಕೂತು, "ನಿಮ್ಮೂರಿಗೆ ದನದ ಆಸ್ಪತ್ರೆ ಮಂಜೂರಾಗೋ ಹಾಗಿದೆ," ಎಂದರು. ಊರು ಸೇರಿತು.

"ಎರಡು ಷರತ್ತು. ಊರಲ್ಲಿ ಇನ್ನೂರು ದನ ಇರಬೇಕು. ಕಟ್ಟಡ ಆಗೋವರೆಗೆ ಕೆಲಸ ಶುರುಮಾಡೋಕೆ ಒಂದು ಜಾಗ ಬೇಕು. ಮೇಲೆ ಸೂರಿರಬೇಕು, ಒಳಗೆ ದನ ನಿಲ್ಲೋ ಹಾಗಿರಬೇಕು. ಎರಡೂ ಆಗದಿದ್ರೆ ಆಸ್ಪತ್ರೆ ದೇವನೂರು ಕಡೆಗೆ ಹೋಗುತ್ತೆ."

"ದನ ಏನೋ ಅವೆ ಮೇಡಂ. ಜಾಗಾನೂ ಏನೋ ಅವೆ," ಎಂದರು ಮಲ್ಲಿಕಾರ್ಜುನಪ್ಪ. ಅವರು ಊರಿನ ಹಿರಿಯರು. ಎಮ್ಮೆದೊಡ್ಡಿ ಕಾವಲಿನ ಅಮೃತಮಹಲ್ ತಳಿಯ ಎತ್ತು ಸಾಕಿ, ಅವುಗಳ ಕೊಂಬಿಗೆ ತಮ್ಮ ಮೀಸೆಗಿಂತ ಹೆಚ್ಚು ಎಣ್ಣೆ ಹಚ್ಚುವವರು.

ಕಲ್ಲಮ್ಮ ಗುಂಪಿನ ಹಿಂದಿನಿಂದ ಮುಂದೆ ಬಂದಳು. ಹೋದ ವರ್ಷ ಅವಳ ಎಮ್ಮೆ ಈಯಲಾರದೆ ಒದ್ದಾಡಿತ್ತು. ಕಡೂರಿನಿಂದ ಡಾಕ್ಟರು ಬರುವಷ್ಟರಲ್ಲಿ ತಾಯಿಯೂ ಹೋಯಿತು, ಹೊಟ್ಟೆಯಲ್ಲಿದ್ದದ್ದೂ ಹೋಯಿತು. ಗಂಡನಿಲ್ಲದ ಹೆಂಗಸು, ಎಮ್ಮೆಯ ಹಾಲಿನಲ್ಲೇ ಸಂಸಾರ. ಅವತ್ತು ಅವಳು ಎಮ್ಮೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತದ್ದು ಕಂಡು ನನಗೆ ಸಂಕಟವಾಗಿ ಹೋಟೆಲು ಮುಚ್ಚಿದ್ದೆ. ಈ ವರ್ಷ ಇನ್ನೊಂದು ಎಮ್ಮೆ ಗಬ್ಬವಾಗಿತ್ತು.

"ತಾಯಿ, ಆಸ್ಪತ್ರೆ ತಪ್ಪಿಸ್ಬೇಡವ್ವ," ಎಂದಳು.

ದನ ಎಣಿಸಿ ಫೋನಿನಲ್ಲಿ ತುಂಬಿಸಬೇಕು, ಫೋನಿನಲ್ಲಿ ಎಲ್ಲ ಇಂಗ್ಲಿಷ್ ಎಂದರು ಭವ್ಯ. ಊರಿಗೆ ಊರೇ ತಿರುಗಿ ಗಿರಣಿಯ ಕಡೆ ನೋಡಿತು. ಹುಬ್ಬಿನ ಮೇಲೆ ರಾಗಿ ಹಿಟ್ಟು ಕೂತಿದ್ದ ಶಿವಮೂರ್ತಪ್ಪ ಬಾಗಿಲಲ್ಲಿ ನಿಂತು, "ಸಮ್ ಟೈಮ್ ಕೊಡಿ ಮೇಡಂ," ಎಂದರು. ಮೇಡಂ ಸಮಾಧಾನವಾಗಿ ಕಡೂರಿಗೆ ಹೋದರು. ಪಾಪ, ಅವರಿಗೆ ಊರು ಹೊಸದು.

ನಮ್ಮೂರಲ್ಲಿ ತನ್ನ ದನವನ್ನು ತಾನು ಎಣಿಸಿ ಹೇಳುವವರು ಹುಟ್ಟಿಲ್ಲ. ಹೇಳಿದರೆ ದೃಷ್ಟಿ, ಬೆರಳಿಟ್ಟರೆ ಒಂದು ಕಮ್ಮಿ. ಹಾಗಂತ ಇಲ್ಲ ಎಂದೂ ಹೇಳುವುದಿಲ್ಲ. ದೀಪ ಆರಿತು ಅನ್ನದೆ ದೊಡ್ಡದಾಯಿತು ಅನ್ನುವ, ಹೋಗ್ತೀನಿ ಅನ್ನದೆ ಹೋಗಿ ಬತ್ತೀನಿ ಅನ್ನುವ ಜನ. ಎಣಿಸಲು ಹೋದ ಶಿವಮೂರ್ತಪ್ಪನವರೂ ಇದೇ ಊರಿನವರು. ಯಾರ ಮನೆಗೆ ಹೋದರೂ ದನದ ಕಡೆ ನೋಡದೆ ಹಂಚಿನ ಕಡೆ ನೋಡುತ್ತ ನಿಲ್ಲುತ್ತಿದ್ದರು.

ಮೊದಲು ಮಲ್ಲಿಕಾರ್ಜುನಪ್ಪನವರ ಮನೆ. ಹಿಂದಿನ ಕೊಟ್ಟಿಗೆಯಿಂದ ಇಪ್ಪತ್ತು ಮೂವತ್ತು ಬಾಯಿ ಒಟ್ಟಿಗೆ ಮೆಲುಕು ಹಾಕುವ ಸದ್ದು ಪಡಸಾಲೆಗೆ ಕೇಳುತ್ತಿತ್ತು.

"ಎಷ್ಟು ಅವೆ ಮಲ್ಲಣ್ಣ?"

"ಏನೋ ಅವೆ ಕಣಯ್ಯ, ನಾಕು."

ಶಿವಮೂರ್ತಪ್ಪ ಸಂತೋಷದಿಂದ ‘ಸಮ್’ ಎಂದು ಒತ್ತಿದರು. ಫೋನು ಕೆಂಪಗಾಯಿತು. ಮತ್ತೆ ಒತ್ತಿದರು. ಮತ್ತೆ ಕೆಂಪು. ಅಂಕೆ ಬೇಕಂತೆ ಅದಕ್ಕೆ. ಯೋಚಿಸಿ ‘4’ ಎಂದು ಒತ್ತಿದರು. ಹಸಿರಾಯಿತು. ಹಸಿರು ಕಂಡಮೇಲೆ ಅದು ಸರಿಯಿರಲೇಬೇಕು ಎಂದು ಮುಂದೆ ಹೊರಟರು.

ಚೌಡಪ್ಪ ಹೊಲದಿಂದ ಆಗತಾನೆ ಬಂದು ಕೈಕಾಲು ತೊಳೆಯುತ್ತಿದ್ದವರು, "ದುಡ್ಕೊಂಡು ತಿನ್ನೋಕೆ ಏನೋ ಅವೆ ನಾಕು," ಎಂದರು. ಹಸಿರು. ಬೀದಿಯ ಕೊನೆಯಲ್ಲಿ ದ್ಯಾವಮ್ಮಜ್ಜಿ ಅಂಗಳದಲ್ಲಿ ಒಂದೇ ಒಂದು ಮೇಕೆ ಕಟ್ಟಿಕೊಂಡು ಕೂತಿದ್ದಳು.

"ಅಜ್ಜಿ, ದನ ಅವಾ?"

"ಏನೋ ಅವೆ ಕಣಪ್ಪ."

"ಇದು ಮೇಕೆ ಅಲ್ವ?"

"ಮೇಕೆ ಬೇರೆ, ದನ ಬೇರೆ. ಮೇಕೆ ಕಾಣ್ತೈತೆ, ಅಷ್ಟೆ."

"ಹಂಗಾದ್ರೆ ದನ ಎಲ್ಲಿ?"

"ಎಲ್ಲೋ ಅವೆ ಬಿಡು. ನಾಕು ಬರ್ಕೊ, ಇಲ್ಲ ಅಂತ ಮಾತ್ರ ಬರೀಬ್ಯಾಡ, ಮುಸ್ಸಂಜೆ ಹೊತ್ತು."

ಅಜ್ಜಿಗೂ ನಾಲ್ಕು ದನವಾಯಿತು. ಕಲ್ಲಮ್ಮನ ಮನೆಗೆ ಬಂದಾಗ ಅವಳು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು ಸೆರಗು ಅಗಲ ಮಾಡಿ ಹಿಡಿದಳು.

"ನೀನಾದ್ರೂ ಸರಿಯಾಗಿ ಹೇಳು ಕಲ್ಲಮ್ಮ. ಆಸ್ಪತ್ರೆ ಬೇಕು ಅಂದವಳೇ ನೀನು."

"ಬೇಕು ಕಣಪ್ಪ. ಅದ್ಕೇ ಬಾಯಿ ಬಿಡಲ್ಲ. ಗಬ್ಬದ ಎಮ್ಮೆನ ಲೆಕ್ಕಕ್ಕೆ ಹಿಡಿದು, ಹೆಚ್ಚುಕಮ್ಮಿ ಆಗ್ಬಿಟ್ರೆ?"

ಎಲ್ಲ ಮುಗಿಸಿ ಕೊನೆಗೆ ತಮ್ಮ ಮನೆಗೂ ನಾಲ್ಕು ಎಂದು ಒತ್ತಿದರು. ಈಶ್ವರಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ನಾಕಾ?" ಎಂದಳು ಮೆಲ್ಲಗೆ.

"ಊರೆಲ್ಲ ನಾಕು. ನಾವೇನು ಕಮ್ಮಿಯಾ?" ಎಂದರು ಶಿವಮೂರ್ತಪ್ಪ.

ಮಾರನೆಯ ದಿನ ಮಧ್ಯಾಹ್ನ ಭವ್ಯ ಮೇಡಂ ಸ್ಕೂಟರಿನಿಂದ ಇಳಿದ ರೀತಿಯಲ್ಲೇ ನನಗೆ ಗೊತ್ತಾಯಿತು, ಟೀ ಕುಡಿಯುವ ಮೂಡಿನಲ್ಲಿಲ್ಲ ಎಂದು.

"ಸಾರ್, ನಿಮ್ಮೂರಲ್ಲಿ ದನಾನ ರೇಷನ್ ಅಂಗಡಿಯಲ್ಲಿ ಹಂಚಿದ್ದಾರಾ? ಮನೆಗೆ ನಾಲ್ಕು, ಮನೆಗೆ ನಾಲ್ಕು! ಆಂಜನೇಯನ ಗುಡಿಗೂ ನಾಲ್ಕು ಹಾಕಿದ್ದೀರಿ."

"ಪೂಜಾರಿ ಹನುಮಂತಯ್ಯ ಅಲ್ಲೇ ಇರ್ತಾರಲ್ಲ ಮೇಡಂ," ಎಂದರು ಶಿವಮೂರ್ತಪ್ಪ.

"ಇಷ್ಟಾಗಿಯೂ ನೂರ ಅರವತ್ತನಾಲ್ಕೇ ಆಯ್ತು. ಇನ್ನೂರಿಲ್ಲ. ಇವತ್ತು ಸಂಜೆಗೆ ಕಳಿಸಬೇಕು. ಹೀಗೇ ಕಳಿಸಿದ್ರೆ ಆಸ್ಪತ್ರೆ ದೇವನೂರಿಗೆ."

ಸುದ್ದಿ ಹಬ್ಬಿ ಗಿರಣಿಯ ಮುಂದೆ ಜನ ಜಮಾಯಿಸಿದರು. ಹಿಟ್ಟಿಗೆ ಬಂದವರು, ಬರದವರು, ಎಲ್ಲರೂ ಸೇರಿ ಶಿವಮೂರ್ತಪ್ಪನವರನ್ನು ತರಾಟೆಗೆ ತೆಗೆದುಕೊಂಡರು.

"ಏನಯ್ಯ ನಿನ್ನ ಇಂಗ್ಲಿಷು! ಊರ ಆಸ್ಪತ್ರೆ ಕಳೆದೆಯಲ್ಲ," ಎಂದರು ಮಲ್ಲಿಕಾರ್ಜುನಪ್ಪ.

"ನೀವೇ ಅಲ್ವ ನಾಕು ಅಂದಿದ್ದು ಮಲ್ಲಣ್ಣ?"

"ನಾಕು ಅಂದ್ರೆ ನಾಕೇ ಬರ್ಕೊಳ್ಳೋದಾ? ತಿಳಿಯಲ್ವ?"

"ಸರಿ, ಈಗ ಹೇಳಿ," ಎಂದು ಭವ್ಯ ಫೋನು ತೆಗೆದರು. "ನಿಜವಾಗಿ ಎಷ್ಟಿವೆ?"

ಮಲ್ಲಿಕಾರ್ಜುನಪ್ಪ ಗಂಟಲು ಸರಿಮಾಡಿಕೊಂಡರು. ಮೀಸೆ ಒರೆಸಿಕೊಂಡರು. ಆಕಾಶ ನೋಡಿದರು. "ಏನೋ ಅವೆ ಮೇಡಂ," ಎಂದರು.

ಮೇಡಂ ಹಣೆ ಚಚ್ಚಿಕೊಂಡರು. ಕಲ್ಲಮ್ಮನ ಕಡೆ ತಿರುಗಿದರು. ಕಲ್ಲಮ್ಮ "ಬಾಯಿ ಬರಲ್ಲ ಕಣವ್ವ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅದನ್ನು ಕಂಡು ಚೌಡಪ್ಪನವರಿಗೆ ರೇಗಿಹೋಯಿತು.

"ಮಲ್ಲಿಕಾರ್ಜುನಪ್ಪೋರೆ, ನಾಕಂತೆ ನಾಕು! ನಿಮ್ಮ ಮನೇಲಿ ಹದಿನಾಕು ಎತ್ತು, ಹನ್ನೊಂದು ಹಸ, ಆರು ಕರ. ಅದ್ರಲ್ಲಿ ಒಂದೆತ್ತು ಕುಂಟು. ಹಿಂದಿನ ಎಡಗಾಲು!"

"ಏಯ್ ಚೌಡಪ್ಪ! ನನ್ನ ದನ ಎಣಿಸ್ತೀಯಾ? ನಿನ್ನ ಎಂಟು ದನ ನಾನು ಹೇಳ್ಲಾ? ಹೋದ ಸೋಮವಾರ ತಂದ ಹಳ್ಳಿಕಾರ್ ಹೋರಿನ ಹಿತ್ತಲಲ್ಲಿ ಬಚ್ಚಿಟ್ಟಿರೋದು ಹೇಳ್ಲಾ?"

"ಹೇಳಿ, ಹೇಳಿ!" ಎಂದರು ಭವ್ಯ, ಫೋನಿನ ಮೇಲೆ ಬೆರಳು ಓಡಿಸುತ್ತ.

ಹಿಟ್ಟು ಹುಬ್ಬಿನ ಶಿವಮೂರ್ತಪ್ಪನವರಿಗೆ ಆಗ ಹೊಳೆಯಿತು. ಗಿರಣಿಯ ಮೆಟ್ಟಿಲ ಮೇಲೆ ಹತ್ತಿ ನಿಂತು ಕೈ ಎತ್ತಿದರು. "ಎಲ್ರೂ ಕೇಳಿ! ನಿಮ್ಮದು ನೀವು ಹೇಳ್ಬೇಡಿ. ನಿಮ್ಮದು ಏನೋ ಅವೆ, ಇರ್ಲಿ. ಪಕ್ಕದ ಮನೇದು ಹೇಳಿ!"

ಊರಿನ ಮುಖ ಅರಳಿತು. ಇಂಥ ಸರಕಾರಿ ಕೆಲಸ ಯಾರಿಗೆ ಬೇಡ? ತನ್ನ ಕೊಟ್ಟಿಗೆಯಲ್ಲಿ ಎಷ್ಟಿವೆ ಎಂದು ಬಾಯಿಬಿಡದವರು ಪಕ್ಕದವರ ಕೊಟ್ಟಿಗೆಯನ್ನು ಬಾಲ, ಕೊಂಬು, ಸುಳಿ ಸಮೇತ ಬಿಚ್ಚಿಟ್ಟರು. "ಅವರ ಮನೇದು ಮೂರು ಎಮ್ಮೆ, ಒಂದು ಗೊಡ್ಡು." "ಗೊಡ್ಡು ಯಾವಳೇ ಅಂದಿದ್ದು? ನಿಮ್ಮದು ಐದು, ಒಂದಕ್ಕೂ ಹಾಲಿಲ್ಲ." ದ್ಯಾವಮ್ಮಜ್ಜಿಗೆ ದನವಿಲ್ಲ ಎಂದು ಯಾರೋ ಶುರುಮಾಡಿದರೆ, ಇನ್ನೊಬ್ಬರು ಅವಳು ತವರಿನಲ್ಲಿ ಪಾಲಿಗೆ ಬಿಟ್ಟಿರುವ ಎರಡು ಹಸುವಿನ ಬಣ್ಣ ಹೇಳಿದರು. "ಅವೆ ಅಂದ್ನಲ್ಲಪ್ಪ," ಎಂದಳು ಅಜ್ಜಿ. "ಬೇರೆ ಊರಿನವು ಬೇಡ ಅಜ್ಜಿ," ಎಂದು ಮೇಡಂ ಬಿಟ್ಟರು. ಕಲ್ಲಮ್ಮನವನ್ನು ಈಶ್ವರಮ್ಮ ಹೇಳಿದಳು, ಗಬ್ಬದ್ದನ್ನು ಕೊನೆಗೆ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು. ಲೆಕ್ಕ ಇನ್ನೂರು ದಾಟಿ ಮುನ್ನೂರರ ಹತ್ತಿರ ಬಂತು.

"ಇನ್ನು ಒಂದೇ ಮನೆ. ಶಿವಮೂರ್ತಪ್ಪ ಸಾರ್ ಅವರದು. ಎಷ್ಟು?"

ಶಿವಮೂರ್ತಪ್ಪ ಮೆಟ್ಟಿಲ ಮೇಲೆ ಹಾಗೇ ನಿಂತಿದ್ದರು. ಕೈ ಇಳಿಸುವುದನ್ನು ಮರೆತಿದ್ದರು.

"ಏನೋ ಅವೆ ಮೇಡಂ," ಎಂದಳು ಕಲ್ಲಮ್ಮ.

"ಹೂಂ, ಏನೋ ಅವೆ," ಎಂದರು ಚೌಡಪ್ಪ, ನೆಲ ನೋಡುತ್ತ.

"ಅವೆ ಅವೆ. ನಾಕು," ಎಂದರು ಮಲ್ಲಿಕಾರ್ಜುನಪ್ಪ.

ಒಂದು ಕ್ಷಣದ ಹಿಂದೆ ಕುಂಟೆತ್ತಿನ ಎಡಗಾಲನ್ನೂ ಬಿಡದ ಊರು! ನಾನೂ ‘ಅವೆ’ ಎಂದೆ. ಊರಲ್ಲಿ ಗೊತ್ತಿರುವ ನಾಲ್ಕನೆಯವನು ನಾನು ಎಂದುಕೊಂಡಿದ್ದೆನಲ್ಲ, ನನ್ನ ದಡ್ಡತನಕ್ಕೆ ನನಗೇ ನಗು ಬಂತು.

"ಸರಿ, ಅದು ಇಲ್ಲದಿದ್ರೂ ಸಾಕು," ಎಂದು ಭವ್ಯ ಮುಂದಕ್ಕೆ ಹೋದರು. "ಈಗ ಜಾಗ ತೋರಿಸಿ."

"ಜಾಗ ಏನೋ ಅವೆ..." ಎಂದು ಶುರುಮಾಡಿದ ಮಲ್ಲಿಕಾರ್ಜುನಪ್ಪನವರ ಮಾತು ಅಲ್ಲೇ ನಿಂತಿತು. ಅವರ ಕಣದ ಮನೆಯಲ್ಲಿ ಕೊಬ್ಬರಿ ತುಂಬಿದೆ ಎಂದರು ಚೌಡಪ್ಪ. ಚೌಡಪ್ಪನವರ ಹೊಸ ಮನೆಗೆ ಇನ್ನೂ ಸೂರಿಲ್ಲ ಎಂದರು ಮಲ್ಲಿಕಾರ್ಜುನಪ್ಪ. ಗುಡಿಯ ಜಗಲಿಗೆ ದನ ಹತ್ತಿಸಲು ಹನುಮಂತಯ್ಯ ಒಪ್ಪಲಿಲ್ಲ. ಪಕ್ಕದ ಮನೆಯ ಉಪಾಯ ಇಲ್ಲಿ ನಡೆಯಲಿಲ್ಲ.

"ಜಾಗ ಇಲ್ಲದೆ ನಾನೇನು ಮಾಡ್ಲಿ?" ಎಂದರು ಭವ್ಯ. ನಿಜವಾಗಿ ಬೇಸರವಾಗಿತ್ತು ಅವರಿಗೆ. ಸ್ಕೂಟರಿನ ಕೀ ತೆಗೆದುಕೊಂಡರು.

ಕಲ್ಲಮ್ಮ ಗಿರಣಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಗಿರಣಿಯ ಪಕ್ಕದಲ್ಲೇ ಕಲ್ಲುಗೋಡೆಯ, ಹಂಚಿನ, ಎತ್ತರದ ಕೊಟ್ಟಿಗೆ ರಂಗೋಲಿ ಹಾಕಿಸಿಕೊಂಡು ನಿಂತಿತ್ತು. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಕಡೆ ಕಣ್ಣು ಕೂಡ ಹಾಯಿಸಲಿಲ್ಲ.

"ಮೇಡಂ," ಎಂದರು ಶಿವಮೂರ್ತಪ್ಪ. "ನಿಲ್ಲಿ."

ಈಶ್ವರಮ್ಮ ಗಂಡನ ಮುಖ ನೋಡಿದಳು. ಶಿವಮೂರ್ತಪ್ಪ ಹೆಗಲ ಟವೆಲಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡರು.

"ನನ್ನ ಕೊಟ್ಟಿಗೆ ತಗೊಳ್ಳಿ. ಒಳಗೆ ಗೋದಲಿ ಐತೆ, ಗೂಟ ಐತೆ, ನೀರಿನ ತೊಟ್ಟಿ ಐತೆ. ದನ ಇಲ್ಲ. ಒಂದೂ ಇಲ್ಲ. ಮೋಟರು ಸುಟ್ಟ ವರ್ಷದಿಂದ ಇಲ್ಲ."

"ಬಿಡ್ತು ಅನ್ನಪ್ಪ!" ಎಂದು ದ್ಯಾವಮ್ಮಜ್ಜಿ ಕೂಗಿಕೊಂಡಳು.

ಶಿವಮೂರ್ತಪ್ಪ ಬಿಡ್ತು ಅನ್ನಲಿಲ್ಲ. ಊರನ್ನೇ ನೋಡುತ್ತ ನಿಂತರು, ಬೈಗುಳಕ್ಕೋ ನಗುವಿಗೋ ಕಾಯುವವರ ಹಾಗೆ.

"ಗೊತ್ತು ಬಿಡಯ್ಯ," ಎಂದರು ಮಲ್ಲಿಕಾರ್ಜುನಪ್ಪ. "ದಿನಾ ಎರಡು ಹೊತ್ತು ಗಂಟೆ ಅಲ್ಲಾಡಿಸ್ತೀಯ. ನಿನ್ನ ತಿಪ್ಪೇಲಿ ಒಂದು ಬುಟ್ಟಿ ಸಗಣಿ ಕಂಡಿಲ್ಲ ನಾವು. ದನ ಕಟ್ಟೋರಿಗೆ ಇಷ್ಟು ತಿಳಿಯಲ್ವ?"

"ಗೊತ್ತಿದ್ದೂ ಹೇಳ್ಲಿಲ್ವ ಮಲ್ಲಣ್ಣ?"

"ಅದನ್ನ ಹೇಳ್ತಾರೇನಯ್ಯ!" ಎಂದು ಅವರು ಗದರಿಸಿಬಿಟ್ಟರು. ಈಶ್ವರಮ್ಮ ಸರಸರ ಹೋಗಿ ಕೊಟ್ಟಿಗೆಯ ಬಾಗಿಲು ತೆಗೆದಳು. ಗೋದಲಿಯ ಮೇಲೆ ಫೋನು ಒರಗಿಸುತ್ತಿದ್ದ ಇಟ್ಟಿಗೆ ಹಾಗೇ ಇತ್ತು.

ಆಸ್ಪತ್ರೆ ಶುರುವಾಯಿತು. ಬಾಗಿಲ ಮೇಲೆ ಬೋರ್ಡು ಬಂತು. ಬೋರ್ಡು ಬರೆಯುವವನಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ ಎಂದು ಶಿವಮೂರ್ತಪ್ಪ ಹೋಗಿದ್ದರು. ಭವ್ಯ ಮೇಡಂ ಕನ್ನಡದಲ್ಲೇ ಸಾಕು ಎಂದರು. ಮೊದಲು ಬಂದದ್ದು ಕಲ್ಲಮ್ಮನ ಎಮ್ಮೆ. ಈ ಸಲವೂ ಕರು ಅಡ್ಡ ತಿರುಗಿತ್ತು. ಮೇಡಂ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡು ಮಂಡಿಯೂರಿದರು, ಶಿವಮೂರ್ತಪ್ಪ ಎಮ್ಮೆಯ ಕೊರಳು ತಬ್ಬಿ ಹಿಡಿದು ಅದರ ಕಿವಿಯಲ್ಲಿ ಏನೇನೋ ಹೇಳುತ್ತ ಕೂತರು. ಕರು ನೆಲಕ್ಕೆ ಬಿದ್ದು ಕಿವಿ ಒದರಿದಾಗ ಕಲ್ಲಮ್ಮ ಅತ್ತುಬಿಟ್ಟಳು. ಮೇಡಂ ಅವರ ಎಣ್ಣೆ ಕೈಯನ್ನೇ ಹಿಡಿದು ಹಣೆಗೆ ಒತ್ತಿಕೊಂಡಳು.

"ಈಗ ಎಷ್ಟಾದ್ವು ಕಲ್ಲಮ್ಮ?" ಎಂದು ಟೀ ತಂದ ನಾನು ಬೇಕೆಂದೇ ಕೇಳಿದೆ.

ಮೂಗು ಒರೆಸಿಕೊಂಡು, "ಏನೋ ಅವೆ ಹೋಗಯ್ಯ," ಎಂದಳು.

ಮೊನ್ನೆ ತರೀಕೆರೆಯಿಂದ ಷಡ್ಡಕ ರುದ್ರಮೂರ್ತಿ ಬಂದಿದ್ದ. ಜೊತೆಯಲ್ಲಿ ಗೃಹಪ್ರವೇಶದಲ್ಲಿ ಹಸುವಿನ ಲೆಕ್ಕ ಕೇಳಿದ್ದ ಅದೇ ಆಫೀಸರು. ಗಿರಣಿಯ ಬಾಗಿಲಲ್ಲಿ ಕಾರು ನಿಲ್ಲಿಸಿ, ಕನ್ನಡಕ ಏರಿಸಿಕೊಂಡು, "ವೆಲ್, ಹೌ ಮೆನಿ ಕೌಸ್ ನೌ?" ಎಂದರು. ಶಿವಮೂರ್ತಪ್ಪ ಅವರನ್ನು ಕೊಟ್ಟಿಗೆಯ ಬಾಗಿಲಿಗೆ ಕರೆದುಕೊಂಡು ಹೋದರು. ಬೆಳಗಿನ ಹೊತ್ತು. ಗೂಟಗಳ ತುಂಬ ಊರಿನ ದನ ಸರದಿ ಕಾಯುತ್ತ ನಿಂತಿದ್ದವು, ಮಲ್ಲಿಕಾರ್ಜುನಪ್ಪನವರ ಕುಂಟೆತ್ತೂ ಇತ್ತು. ಶಿವಮೂರ್ತಪ್ಪ ಎಣಿಕೆ ಕಣ್ಣಿಗೆ ಬೀಳದ ಹಾಗೆ ಮುಖವನ್ನು ಹಂಚಿನ ಕಡೆಗೆ ತಿರುಗಿಸಿಕೊಂಡರು.

"ಸಮ್," ಎಂದರು.